ಎರಡು ಎಡತೋಳು

ಮೂರನೇ ಗುಂಡಿಗೆ ಬಿಳಿ ನೂಲು, ಖಾಕಿ ಅಂಗಿಗೆ ಬಿಳಿ ನೂಲು, ಉಳಿದ ಗುಂಡಿಗಳೆಲ್ಲ ಖಾಕಿ ನೂಲಿನಲ್ಲೇ ಇವೆ, ಮನೆಯಲ್ಲಿ ಯಾರೋ ಅವಸರಕ್ಕೆ ಕೈಗೆ ಸಿಕ್ಕಿದ್ದನ್ನು ಪೋಣಿಸಿ ಹಾಕಿಕೊಟ್ಟಿದ್ದು, ಅಲ್ಲ, ತಾನೇ ಹಾಕಿಕೊಂಡಿದ್ದಾನೆ, ಗುಂಡಿಯ ಬುಡದಲ್ಲಿ ಗಂಟಿನ ಮೇಲೆ ಗಂಟು, ಹೆಣ್ಣಾಗಲಿ ಗಂಡಾಗಲಿ ಹೊಲಿಗೆ ಬಲ್ಲವರು ಯಾರೂ ಅಷ್ಟು ಗಂಟು ಹಾಕುವುದಿಲ್ಲ — ಬಾಗಿಲ ಬಳಿ ನಿಂತ ಪೇದೆಯ ಎದೆಯನ್ನು ಹೀಗೆ ನೆಟ್ಟ ಕಣ್ಣಿನಿಂದ ನೋಡುತ್ತಿದ್ದರೆ ಅವನೇನೆಂದುಕೊಂಡಾನು ಎಂದು ಅವಳು ನೋಟವನ್ನು ಗೋಡೆಗೆ ತಿರುಗಿಸಿದಳು, ಬೀದಿಯವರೆಲ್ಲ ಟೈಲರಕ್ಕ ಎಂದೇ ಕರೆಯುವ ಅವಳಿಗೆ ಮನುಷ್ಯರ ಮುಖಕ್ಕಿಂತ ಮೊದಲು ಹೊಲಿಗೆ ಕಾಣುತ್ತದೆ, ಏನು ಮಾಡುವುದು, ಹುಟ್ಟುಗುಣ. ಗೋಡೆಯಲ್ಲಿ ಒಂದು ಹಲಗೆ, ದಾಖಲೆಗಳ ಪ್ರತಿ ಬೇಕಾದವರು ಇಲ್ಲಿ ವಿಚಾರಿಸಿ, ಪಕ್ಕದಲ್ಲಿ ಬಾಣದ ಗುರುತು, ಬಾಣ ತೋರಿಸುವ ಕಡೆ ಒಂದು ಕಬ್ಬಿಣದ ಬೀರು, ಮೊದಲ ಸಲ ಬಂದಾಗ ಅವಳು ಆ ಬೀರುವನ್ನೇ ವಿಚಾರಿಸುವವಳ ಹಾಗೆ ಅದರ ಮುಂದೆ ಐದು ನಿಮಿಷ ನಿಂತಿದ್ದಳು, ಬೀರುವಿನ ಹಿಂದೆ ಒಂದು ಕಿಟಕಿ ಇದೆ, ಕಿಟಕಿಯ ಹಿಂದೆ ಕನ್ನಡಕದ ಮೇಡಂ ಇದ್ದಾರೆ ಎಂದು ಆಮೇಲೆ ಗೊತ್ತಾಯಿತು, ಈಗ ಕಣ್ಣು ಮುಚ್ಚಿಕೊಂಡೂ ಹೋಗಬಲ್ಲಳು, ಬೆಂಚಿನ ಯಾವ ಹಲಗೆ ಸೀರೆ ಹರಿಯುತ್ತದೆ ಎನ್ನುವುದೂ ಗೊತ್ತು, ಇದು ಆರನೇ ಸಲ. ಏನಮ್ಮಾ ಮತ್ತೆ ಬಂದ್ರಾ, ಪೇದೆ ಕೇಳುತ್ತಾನೆ, ಬಂದೆ, ಕೊಡೋವರೆಗೂ ಬರ್ತೀನಿ. ಅವನು ನಗುತ್ತಾನೆ, ನಗಲಿ, ಅವಳಿಗೆ ಬೇಕಾಗಿರುವುದು ಒಂದೇ ಒಂದು ಹಾಳೆ, ಒಂಬತ್ತು ವರ್ಷದ ಹಿಂದೆ ಸೇತುವೆಯ ಕೆಳಗೆ ಸಿಕ್ಕಿದ ಅಣ್ಣನ ಮೈಮೇಲೆ ಏನೇನಿತ್ತು ಎಂದು ಈ ಠಾಣೆಯವರು ಬರೆದಿಟ್ಟ ಪಟ್ಟಿ, ಅದರಲ್ಲೂ ಆ ಚೀಲ, ಆ ಒದ್ದೆ ಚೀಲದಲ್ಲಿ ಏನಿತ್ತು.

ಒದ್ದೆ ಚೀಲ ಎನ್ನುವ ಮಾತು ಅಪ್ಪನದು, ಅಂದು ಅಪ್ಪ ಠಾಣೆಯಿಂದ ಬಂದು ಕತ್ತರಿಸುವ ಮೇಜಿನ ಮೇಲೆ ಒಂದೊಂದಾಗಿ ಇಟ್ಟ, ಗಡಿಯಾರ, ಎರಡು ಬೀಗದ ಕೈ, ಬಾಚಣಿಗೆ, ಅಳತೆ ಟೇಪು, ಟೇಪು ನೆನೆದು ಅಂಕಿಗಳೆಲ್ಲ ಕದಡಿಹೋಗಿದ್ದವು, ಇಷ್ಟೇನಾ ಅಪ್ಪಾ, ಇಷ್ಟೇ, ಇನ್ನೇನೂ ಇರ್ಲಿಲ್ವಾ, ಏನೋ ಒಂದು ಒದ್ದೆ ಚೀಲ ಇತ್ತು, ನೋಡ್ಲಿಲ್ಲ, ಬಿಟ್ಟು ಬಂದೆ. ಆಮೇಲೆ ಅಪ್ಪ ಮಾತಾಡಿದ್ದೇ ಕಡಿಮೆ, ಕತ್ತರಿ ಹಿಡಿದದ್ದೂ ಇಲ್ಲ, ಅಂಗಡಿಗೆ ಕಾಲಿಟ್ಟದ್ದೂ ಇಲ್ಲ, ಅಂಗಡಿಗೂ ಮನೆಗೂ ನಡುವೆ ಇರುವುದು ಒಂದು ಪರದೆ, ಆ ಪರದೆಯ ಆಚೆ ಕುರ್ಚಿಯಲ್ಲಿ ಕೂತು ಒಂಬತ್ತು ವರ್ಷ ಹೊಲಿಗೆ ಯಂತ್ರದ ಸದ್ದು ಕೇಳುತ್ತಿದ್ದಾನೆ, ಹೊಲಿಗೆ ತಪ್ಪಿದರೆ ಸದ್ದಿನಲ್ಲೇ ಅವನಿಗೆ ತಿಳಿಯುತ್ತದೆ ಎಂದು ಅವಳಿಗೆ ಗೊತ್ತು, ಕೆಮ್ಮುತ್ತಾನೆ, ಹೇಳುವುದಿಲ್ಲ. ಊರಿನ ಬಾಯಿಗೆ ಬೀಗ ಉಂಟೇ, ಅಪ್ಪ ಬೈದ ಅಂತ ಮಗ ಹಾರಿಬಿಟ್ಟನಂತೆ, ಬಟ್ಟೆ ಕೆಡಿಸಿದ್ದಕ್ಕೆ ಮನೆಯಿಂದ ಓಡಿಸಿದನಂತೆ, ಅಂತೆ ಅಂತೆ ಎಂದು ಹೇಳುತ್ತಲೇ ಅದು ನಿಜವಾಯಿತು, ಎಲ್ಲರಿಗಿಂತ ಮೊದಲು ಅಪ್ಪನೇ ನಂಬಿದ, ಅದೇ ಅವಳಿಗೆ ಸಹಿಸಲಾಗದ್ದು, ಉಳಿದವರು ಹಾಳಾಗಿ ಹೋಗಲಿ.

ಎಡತೋಳು, ಎರಡೂ ಎಡತೋಳು, ಅವು ಇವತ್ತಿಗೂ ಯಂತ್ರದ ಹಿಂದಿನ ಮೊಳೆಗೆ ನೇತಾಡುತ್ತಿವೆ. ಬ್ಯಾಂಕಿನ ಮ್ಯಾನೇಜರು ಎಲ್ಲಿಂದಲೋ ತರಿಸಿದ ಬೂದು ಉಣ್ಣೆ ಬಟ್ಟೆ, ಅಳೆದು ಸುರಿದು ಒಂದು ಕೋಟು ಹೊಲಿಯಲು ಸರಿಯಾಗುವಷ್ಟು, ಹೆಚ್ಚಿದ್ದರೆ ಬಟ್ಟೆಯನ್ನು ಎರಡು ಪದರ ಮಡಿಸಿ ಒಟ್ಟಿಗೆ ಕತ್ತರಿಸಬಹುದಿತ್ತು, ಆಗ ಎಡ ಬಲ ತಾವಾಗಿಯೇ ಬರುತ್ತವೆ, ಸಾಲದೆ ಒಂದೊಂದೇ ತೋಳು ಕತ್ತರಿಸುವಾಗ ಎರಡನೇ ಸಲ ಅಳತೆಯ ಕಾಗದವನ್ನು ಮಗುಚಿ ಇಡಬೇಕು, ಇಲ್ಲವಾದರೆ ಎರಡೂ ಒಂದೇ ಕಡೆಯ ತೋಳಾಗುತ್ತವೆ, ಈ ಬಟ್ಟೆಗೆ ಒಳಮೈ ಹೊರಮೈ ಬೇರೆ, ತಿರುಗಿಸಿ ಹೊಲಿಯುವ ಹಾಗೂ ಇಲ್ಲ. ಅಣ್ಣ ಮಗುಚಲು ಮರೆತ. ಮರೆತನೇ, ಮರೆಸಿದ್ದು ಯಾರು, ಇದನ್ನು ಅವಳು ಯಾರಿಗೂ ಹೇಳಿಲ್ಲ, ಆ ಹೊತ್ತಿನಲ್ಲಿ ಅವಳೇ ಮ್ಯಾನೇಜರು ಹೊಟ್ಟೆ ಒಳಕ್ಕೆ ಎಳೆದುಕೊಂಡು ಅಳತೆ ಕೊಡುವುದನ್ನು ಅಣಕಿಸಿ ತೋರಿಸುತ್ತಿದ್ದಳು, ಉಸಿರು ಬಿಗಿಹಿಡಿದು, ಕಣ್ಣು ಮೇಲೆ ಮಾಡಿ, ಅಣ್ಣನ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿ, ನಗಬಾರದು, ನಕ್ಕರೆ ಚುಚ್ಚುತ್ತವೆ, ಮೂಗಿನಲ್ಲೇ ನಗುತ್ತಿದ್ದ, ಬೇಡ ಕಣೇ ಎಂದು ಕೈಯಲ್ಲೇ ಸನ್ನೆ ಮಾಡುತ್ತಿದ್ದ, ಆ ನಗುವಿನಲ್ಲೇ ಕತ್ತರಿ ಓಡಿತು, ಓಡಿದ್ದು ಓಡಿತು. ಅಪ್ಪ ಬಂದು ಎರಡು ತೋಳನ್ನೂ ಎತ್ತಿ ಬೆಳಕಿಗೆ ಹಿಡಿದ, ಒಂದರ ಮೇಲೊಂದು ಇಟ್ಟ, ಸರಿಯಾಗಿ ಕೂತವು, ಕೂರಬಾರದಿತ್ತು. ಇಪ್ಪತ್ತೆಂಟು ವರ್ಷ ಆಯ್ತು ನಿನಗೆ, ಎಡಗೈ ಯಾವ್ದು ಬಲಗೈ ಯಾವ್ದು ಗೊತ್ತಿಲ್ಲ, ಎದ್ದು ಹೋಗು, ನನ್ನ ಕಣ್ಮುಂದೆ ಇರ್ಬೇಡ. ಅಷ್ಟೇ, ಅಷ್ಟೇ ಅಂದದ್ದು, ಅದಕ್ಕಿಂತ ಹತ್ತು ಪಟ್ಟು ಕೆಟ್ಟದ್ದನ್ನು ದರ್ಜಿ ಅಂಗಡಿಗಳಲ್ಲಿ ದಿನಾ ಅನ್ನುತ್ತಾರೆ, ಸಂಜೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಅವಳು ಬಾಯಿ ಬಿಡಬೇಕಿತ್ತು, ನಾನು ನಗಿಸಿದೆ ಅಪ್ಪಾ, ನನ್ನಿಂದ ಆಯ್ತು, ಎರಡೇ ಮಾತು, ಬಿಡಲಿಲ್ಲ, ತಲೆ ತಗ್ಗಿಸಿ ಕಾಜ ಹೊಲಿಯುತ್ತ ಕೂತಳು. ಅಣ್ಣ ತುಟಿಯಿಂದ ಒಂದೊಂದೇ ಗುಂಡುಸೂಜಿ ತೆಗೆದು ಸೂಜಿ ದಿಂಬಿಗೆ ಚುಚ್ಚಿದ, ಒಂದನ್ನು ಮಾತ್ರ ಕಾಲರಿಗೆ, ಅದು ಅವನ ಅಭ್ಯಾಸ, ಅಪ್ಪನಿಂದ ಬಂದದ್ದು, ದರ್ಜಿಯ ಕಾಲರಿನಲ್ಲಿ ಯಾವಾಗಲೂ ಒಂದು ಗುಂಡುಸೂಜಿ ಇರಬೇಕು, ಆಮೇಲೆ ಚಪ್ಪಲಿಯ ಸದ್ದು, ಅದಕ್ಕೂ ಮೊದಲು ಕತ್ತರಿಯ ಒಂದು ಸದ್ದು, ಕಚ್, ಒಂದೇ ಸಲ. ಸಿಟ್ಟಿನಲ್ಲಿ ಕತ್ತರಿ ಮುಚ್ಚಿ ಎಸೆದನೇನೋ ಎಂದುಕೊಂಡಳು, ತಲೆ ಎತ್ತಿ ನೋಡಲಿಲ್ಲ, ಅವಳು ತಲೆ ಎತ್ತುವಷ್ಟರಲ್ಲಿ ಬಾಗಿಲು ಖಾಲಿ.

ಇಪ್ಪತ್ತಮೂರು, ಕಿಟಕಿಯಿಂದ ಕೂಗಿದರು, ಅವಳ ಚೀಟಿ ಇಪ್ಪತ್ತಾರು, ಇನ್ನು ಮೂವರು. ಈ ಮೂರು ತಿಂಗಳಲ್ಲಿ ಅವಳು ಕಲಿತದ್ದನ್ನೇ ಒಂದು ಪುಸ್ತಕವಾಗಿ ಬರೆಯಬಹುದು. ಮೊದಲ ಅರ್ಜಿಯಲ್ಲಿ ಹೊಟ್ಟೆಯೊಳಗಿನದ್ದನ್ನೆಲ್ಲ ಕಾರಿಕೊಂಡಿದ್ದಳು, ನನ್ನ ಅಣ್ಣ ತಾನಾಗಿ ಹಾರಿದನೋ ಕಾಲು ಜಾರಿ ಬಿದ್ದನೋ ದಯವಿಟ್ಟು ತಿಳಿಸಬೇಕು, ಎರಡು ಪುಟ, ಕಣ್ಣೀರು ಬಿದ್ದು ಶಾಯಿ ಹರಡಿದ ಕಡೆ ಮತ್ತೆ ತಿದ್ದಿ ಬರೆದದ್ದು, ಅದು ಹತ್ತೇ ದಿನದಲ್ಲಿ ವಾಪಸು ಬಂತು, ದಾಖಲೆಯ ಪ್ರತಿಯನ್ನು ಕೊಡಬಹುದು, ಪ್ರಶ್ನೆಗಳಿಗೆ ಉತ್ತರ ಕೊಡಲು ಅವಕಾಶವಿಲ್ಲ. ಉರಿದುಹೋಯಿತು ಅವಳಿಗೆ, ಕೊಡೆ ಹಿಡಿದು ಬಸ್ಸಿನಲ್ಲಿ ಬಂದು ಕಿಟಕಿಯ ಮುಂದೆ ಜಗಳಕ್ಕೇ ನಿಂತಳು, ಕನ್ನಡಕದ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು, ನೋಡಿ ಅಮ್ಮ, ಇಲ್ಲಿ ಉತ್ತರ ಇರಲ್ಲ, ಕಾಗದ ಇರ್ತವೆ, ಯಾವ ಕಾಗದ ಬೇಕು ಅಂತ ಬರೀರಿ, ಯಾಕೆ ಸತ್ತ ಅಂತ ಬರೀಬೇಡಿ. ಬಯ್ಯಲು ತೆರೆದ ಬಾಯಿ ಮುಚ್ಚಿತು, ಯಾಕೆಂದರೆ ಆ ಮಾತು ಅವಳಿಗೆ ಗೊತ್ತಿದ್ದ ಮಾತೇ, ಗಿರಾಕಿಗಳು ಬಂದು ಚೆನ್ನಾಗಿ ಕಾಣೋ ಹಾಗೆ ಹೊಲಿದುಕೊಡಿ ಎನ್ನುತ್ತಾರೆ, ಅವಳು ಅದನ್ನೇ ಹೇಳುತ್ತಾಳೆ, ಚೆನ್ನಾಗಿ ಅಂದ್ರೆ ನಂಗೆ ತಿಳಿಯಲ್ಲ, ಉದ್ದ ಎಷ್ಟು, ಭುಜ ಎಷ್ಟು, ಅದನ್ನ ಹೇಳಿ.

ಎರಡನೇ ಅರ್ಜಿ ಅಳತೆ ಹಿಡಿದು ಬರೆದಳು, ಆದರೆ ಮತ್ತೆ ಸೇತುವೆ ದಾಟಲಾರದೆ ಮನೆ ಹತ್ತಿರದ ಠಾಣೆಗೆ ಕೊಟ್ಟಳು, ತಪ್ಪು ಠಾಣೆ, ಅವರು ಇಪ್ಪತ್ತು ದಿನ ಇಟ್ಟುಕೊಂಡು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು, ಸೇತುವೆಯ ನಡುವೆ ಒಂದು ಬಿಳಿ ಗೆರೆ ಇದೆಯಂತೆ, ಆ ಗೆರೆಯಿಂದ ಈಚೆ ಒಬ್ಬರದು ಆಚೆ ಒಬ್ಬರದು, ಅಣ್ಣ ಸಿಕ್ಕಿದ್ದು ಆಚೆ ದಡದಲ್ಲಿ, ಹಾಗಾಗಿ ಆಚೆಯವರದು, ಸತ್ತವನು ಗೆರೆ ನೋಡಿಕೊಂಡು ಸಾಯಬೇಕಿತ್ತೇನೋ. ಒಂಬತ್ತು ವರ್ಷದಿಂದ ಸೇತುವೆಯ ಮೇಲೆ ಅವಳು ಕಾಲಿಟ್ಟವಳಲ್ಲ, ಆಚೆ ಊರಿನ ಬಟ್ಟೆ ಬೀದಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು, ಈಗ ಅರ್ಜಿ ಹಿಡಿದು ನಡೆದುಕೊಂಡೇ ದಾಟಿದಳು, ಕಟಕಟೆಯ ಕಂಬಿ ಎರಡು ಕಡೆ ಮುರಿದಿತ್ತು, ಆಗಲೂ ಒಂದು ಕಡೆ ಮುರಿದಿತ್ತಂತೆ, ತಂತಿ ಕಟ್ಟಿದ್ದರು. ಮೂರನೆಯದು ಮೇಡಂ ಹೇಳಿದ ಹಾಗೆ, ಠಾಣೆಯ ಹೆಸರು, ತಾರೀಕು, ಸಿಕ್ಕಿದ ತಾರೀಕು ಒಂದು, ಪುಸ್ತಕದಲ್ಲಿ ಬರೆದ ತಾರೀಕು ಮರುದಿನ, ಎರಡನ್ನೂ ಹಾಕಿ, ಸ್ಥಳ ನೋಡಿ ಬರೆದ ವರದಿ, ದೊರೆತ ವಸ್ತುಗಳ ಪಟ್ಟಿ, ವಾರಸುದಾರರು ಪಡೆದುಕೊಂಡ ರಸೀದಿ, ನೀವು ಅವನಿಗೆ ಏನಾಗಬೇಕು ಅದಕ್ಕೊಂದು ಪುರಾವೆ, ಉತ್ತರ ಕಳಿಸೋ ವಿಳಾಸ, ಒಂದು ಪ್ರತಿ ನಿಮ್ಮ ಹತ್ರ ಇಟ್ಕೊಳ್ಳಿ, ಅದರ ಮೇಲೆ ನಮ್ಮ ಮೊಹರು ಹಾಕಿಸ್ಕೊಳ್ದೆ ಕಿಟಕಿ ಬಿಟ್ಟು ಕದಲಬೇಡಿ. ಕದಲಲಿಲ್ಲ. ಮೇಡಂ ಕಾಗದಗಳನ್ನು ಒಟ್ಟುಗೂಡಿಸಿ ಮೂಲೆಗೆ ಗುಂಡುಸೂಜಿ ಚುಚ್ಚಿದರು, ನೆಟ್ಟಗೆ, ಒಂದೇ ಸಲ, ಹಾಗೆ ಚುಚ್ಚಿದರೆ ಜಾರುತ್ತದೆ, ಓರೆಯಾಗಿ ಎರಡು ಸಲ ಹಾಯಿಸಬೇಕು, ಅಣ್ಣ ಹಾಗೆ ಹಾಯಿಸುತ್ತಿದ್ದ, ಕೊಡಿ ಮೇಡಂ ಎಂದು ಅವಳೇ ತೆಗೆದು ಓರೆಯಾಗಿ ಚುಚ್ಚಿಕೊಟ್ಟಳು.

ಅಪ್ಪನ ಸಹಿಯೂ ಬೇಕು ಎಂದರು, ತಂದೆ ಇರುವಾಗ ತಂಗಿಯ ಸಹಿಯೊಂದೇ ಸಾಲದಂತೆ. ಅದಕ್ಕೆ ನಾಲ್ಕು ದಿನ ಪರದೆಯ ಈಚೆ ಒದ್ದಾಡಿದಳು, ಒಳಗೆ ಹೋಗುವುದು, ಲೋಟ ಇಡುವುದು, ಹೊರಗೆ ಬರುವುದು, ಐದನೇ ದಿನ ಕಾಗದವನ್ನೂ ಪೆನ್ನನ್ನೂ ಮಡಿಲಲ್ಲೇ ಇಟ್ಟುಬಿಟ್ಟಳು, ಅಪ್ಪ ಕೇಳಿದ್ದು ಒಂದೇ, ಎಲ್ಲಿ ಹಾಕ್ಬೇಕು, ಇಲ್ಲಿ, ಹಾಕಿದ, ಏನೆಂದು ಓದಲಿಲ್ಲ, ತಿರುಗಿಸಿಯೂ ನೋಡಲಿಲ್ಲ, ಅವನ ಸಹಿಯ ಕೊನೆಯಲ್ಲಿ ಒಂದು ಬಾಲ ಇದೆ, ನೂಲು ಕಡಿದು ಬಿಟ್ಟ ಹಾಗೆ. ಓದಿದ್ದರೆ ಹಾಕುತ್ತಿರಲಿಲ್ಲವೇನೋ, ಒಳ್ಳೆಯದೇ ಆಯಿತು ಎಂದುಕೊಂಡಳು, ಅಷ್ಟರಲ್ಲೇ ಹೊಳೆಯಿತು, ಒಂಬತ್ತು ವರ್ಷದ ಹಿಂದೆ ಠಾಣೆಯಲ್ಲೂ ಹೀಗೇ ಹಾಕಿರಬೇಕು. ಬೀದಿ ಕೊನೆಯ ಇಸ್ತ್ರಿಯವನು ಸುದ್ದಿ ಹಿಡಿದು ಬಂದ, ಬಿಟ್ಟುಬಿಡಕ್ಕ, ಹಳೇ ಫೈಲಲ್ಲಿ ಏನಿರುತ್ತೆ, ಧೂಳಿರುತ್ತೆ, ಒಂದು ವೇಳೆ ಕೆಟ್ಟದ್ದೇ ಬರೆದಿದ್ರೆ ಏನ್ಮಾಡ್ತೀಯಾ. ಆ ಮಾತು ತಾಗಿತು, ನಿಜ, ಚೀಲದಲ್ಲಿ ಒಂದು ಚೀಟಿ ಇದ್ದರೆ, ಅಪ್ಪಾ ನಿನ್ನ ಕಣ್ಣಮುಂದೆ ಇರುವುದಿಲ್ಲ ಎಂದು ಬರೆದಿದ್ದರೆ, ಎರಡು ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ, ಮೂರನೇ ದಿನ ಎದ್ದವಳೇ ಅಂದುಕೊಂಡಳು, ಇದ್ದರೆ ಇರಲಿ, ಕೆಟ್ಟದ್ದಾದರೂ ನಮ್ಮದು, ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ಬರೆದದ್ದನ್ನೇ ಓದುತ್ತೇನೆ. ಮೂವತ್ತು ದಿನ ಕಾದಳು, ಅಳತೆ ಪುಸ್ತಕದ ಹಾಳೆಯ ತುದಿಯಲ್ಲಿ ದಿನಕ್ಕೊಂದು ಗೀಟು, ಮೂವತ್ತೊಂದನೇ ದಿನ ಕಿಟಕಿಯಲ್ಲಿ, ಸಾಹೇಬರ ಸಹಿ ಆಗಿಲ್ಲ, ಮುಂದಿನ ವಾರ ಬನ್ನಿ, ಮುಂದಿನ ವಾರ, ಸಾಹೇಬರು ರಜೆ. ಕೊಡಲ್ಲ ಅಂದ್ರೆ ಯಾಕೆ ಕೊಡಲ್ಲ ಅಂತ ಬರೆದುಕೊಡಿ ಮೇಡಂ, ಅದನ್ನ ಹಿಡ್ಕೊಂಡು ಮೇಲಿನ ಸಾಹೇಬರಿಗೆ ಮೇಲ್ಮನವಿ ಹಾಕ್ತೀನಿ, ಎಲ್ಲಿಗೆ ಹಾಕ್ಬೇಕು ಅಂತ ತಿಳ್ಕೊಂಡೇ ಬಂದಿದೀನಿ. ಮೇಡಂ ನಕ್ಕರು, ಇನ್ನೆರಡು ಸಲ ಬಂದ್ರೆ ನೀವೇ ಈ ಕುರ್ಚೀಲಿ ಕೂರಬಹುದು, ಸೋಮವಾರ ಬನ್ನಿ.

ಸೋಮವಾರ ಇವತ್ತು. ಇಪ್ಪತ್ತಾರು. ಎದ್ದಳು, ಬೆಂಚಿನ ಹಲಗೆ ಸೀರೆ ಹಿಡಿಯಿತು, ಬಿಡಿಸಿಕೊಂಡಳು, ಬೀರುವಿನ ಹಿಂದೆ, ಕಿಟಕಿ, ಮೇಡಂ ನಾಲ್ಕು ಹಾಳೆ ಮುಂದಕ್ಕೆ ತಳ್ಳಿದರು, ಮೂಲೆಯಲ್ಲಿ ಗುಂಡುಸೂಜಿ, ಓರೆಯಾಗಿ ಎರಡು ಸಲ ಹಾಯಿಸಿದ್ದು. ಅಲ್ಲಲ್ಲಿ ಕಪ್ಪು ಬಳಿದಿದೆ, ಬೇರೆಯವರ ಹೆಸರು, ಅದನ್ನ ಕೊಡೋ ಹಾಗಿಲ್ಲ, ನಿಮ್ಮದೆಲ್ಲ ಇದೆ, ಇಲ್ಲಿ ಸಹಿ ಹಾಕಿ. ಎಲ್ಲಿ ಹಾಕಬೇಕು ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು, ಓದಿ ಹಾಕ್ತೀನಿ ಮೇಡಂ. ಹಿಂದಿನವರು ಗೊಣಗಿದರು, ಗೊಣಗಲಿ, ಕಿಟಕಿಯ ಅಂಚಿಗೆ ಎರಡೂ ಮೊಣಕೈ ಊರಿ ನಿಂತಳು, ಮೊದಲ ಹಾಳೆ, ಮೀನು ಹಿಡಿಯಲು ಹೋದ ಕಪ್ಪುಬಳಿದವನು ಸಂಜೆ ಆರರ ಸುಮಾರಿಗೆ ನೋಡಿ ತಿಳಿಸಿದ್ದು, ಎರಡನೆಯದು, ಸೇತುವೆಯ ಕಟಕಟೆ ಒಂದು ಕಡೆ ಮುರಿದಿದ್ದು, ಬಿದ್ದುದನ್ನು ಕಣ್ಣಾರೆ ಕಂಡವರಿಲ್ಲ, ಕಾರಣ ಖಚಿತವಾಗಿಲ್ಲ, ಖಚಿತವಾಗಿಲ್ಲ ಎಂದೇ ಬರೆದಿದ್ದಾರೆ, ಹಾರಿದ ಎಂದು ಎಲ್ಲೂ ಬರೆದಿಲ್ಲ, ಖಚಿತ ಮಾಡಿದ್ದು ಊರು, ಮೂರನೆಯದು ಪಟ್ಟಿ. ಕೈಗಡಿಯಾರ, ನಿಂತಿದ್ದು, ಒಂದು. ಬೀಗದ ಕೈ, ಎರಡು. ಬಾಚಣಿಗೆ, ಒಂದು. ಅಳತೆ ಟೇಪು, ಒಂದು. ಪ್ಲಾಸ್ಟಿಕ್ ಚೀಲ, ಮಡಿಸಿ ಅಂಗಿಯ ಒಳಗೆ ಸಿಕ್ಕಿಸಿಕೊಂಡಿದ್ದು, ಒಂದು, ಅದರಲ್ಲಿ ಬೂದು ಬಣ್ಣದ ಹೊಸ ಉಣ್ಣೆ ಬಟ್ಟೆ, ಮುಕ್ಕಾಲು ಮೀಟರ್, ಅದೇ ಬಣ್ಣದ ಸಣ್ಣ ತುಂಡು, ಸದರಿ ಬಟ್ಟೆಗೆ ಚುಚ್ಚಿದ್ದು, ಒಂದು, ಗುಂಡುಸೂಜಿ, ಒಂದು.

ಕಚ್. ಕತ್ತರಿಯ ಆ ಸದ್ದು, ಒಂದೇ ಸಲ, ಎಸೆದದ್ದಲ್ಲ, ಸಿಟ್ಟಲ್ಲ, ಮಾದರಿಗೆ ಒಂದು ತುಂಡು ಕತ್ತರಿಸಿಕೊಂಡದ್ದು, ಕಾಲರಿನ ಗುಂಡುಸೂಜಿ ಇತ್ತಲ್ಲ, ಬಟ್ಟೆ ಬೀದಿ ಇರುವುದು ಆಚೆ ದಡದಲ್ಲಿ, ಹೋಗಿದ್ದಾನೆ, ಅಂಗಡಿ ಅಂಗಡಿಯಲ್ಲಿ ತುಂಡು ಹಿಡಿದು ಬಾಗಿಲ ಬೆಳಕಿಗೆ ತಂದು ನೋಡಿದ್ದಾನೆ, ಇದಲ್ಲ, ಇನ್ನೂ ಸ್ವಲ್ಪ ತಿಳಿ, ಇದಲ್ಲ, ಅವನ ಹಟ ಅವಳಿಗೆ ಗೊತ್ತಿಲ್ಲವೇ, ಇದು, ಇದೇ, ಸಿಕ್ಕಿದೆ, ತುಂಡನ್ನು ಮೇಲಿಟ್ಟು ಚುಚ್ಚಿ ಹೋಲಿಸಿದ್ದಾನೆ, ಸುಕ್ಕಾಗದಿರಲೆಂದು ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದಾನೆ, ಸಿಕ್ಕಿಸಿಕೊಂಡು ಸೇತುವೆ ಹತ್ತಿದ್ದಾನೆ, ಯಾವ ಕಡೆಗೆ, ಬಟ್ಟೆ ಕೊಂಡವನು ಯಾವ ಕಡೆಗೆ ನಡೆಯುತ್ತಾನೆ, ಮನೆ ಕಡೆಗೆ, ಅಣ್ಣ ಮನೆಗೆ ಬರುತ್ತಿದ್ದ. ಏನಾಯ್ತಮ್ಮ, ನೀರು ಬೇಕಾ, ಮೇಡಂ ಕೇಳುತ್ತಿದ್ದಾರೆ, ಬೇಡ ಮೇಡಂ, ನಾಲ್ಕನೇ ಹಾಳೆ, ಒಂದರಿಂದ ನಾಲ್ಕರವರೆಗೆ ಪಡೆದುಕೊಂಡಿದ್ದೇನೆ, ಐದನೆಯದು ಬೇಡವೆಂದು ತಿಳಿಸಿದ್ದೇನೆ, ಕೆಳಗೆ ಅಪ್ಪನ ಸಹಿ, ಕೊನೆಯಲ್ಲಿ ನೂಲು ಕಡಿದ ಬಾಲ. ಇಡೀ ಪಟ್ಟಿ ಅವನ ಕೈ ಕೆಳಗೇ ಇತ್ತು, ಓದದೆ ಹಾಕಿದ್ದ. ಅವಳು ತನ್ನ ಸಹಿ ಹಾಕಿದಳು, ಹೊರಗೆ ಬಂದಳು, ಸಿಕ್ತಾ ಅಮ್ಮ, ಪೇದೆ, ಸಿಕ್ತು, ಖಾಕಿ ನೂಲು ತಂದುಕೊಡ್ತೀನಿ ನಿಮಗೆ, ಆ ಗುಂಡಿ ಬಿಚ್ಚಿ ಹಾಕಿಸ್ಕೊಳ್ಳಿ. ಅವನಿಗೆ ಏನೂ ಅರ್ಥವಾಗಲಿಲ್ಲ.

ಸೇತುವೆಯ ಮೇಲೆ ಅವಳು ಹಾಳೆಗಳನ್ನು ಮಡಿಸಿ ರವಿಕೆಯೊಳಗೆ ಸಿಕ್ಕಿಸಿಕೊಂಡಳು, ಲಾರಿ ಬಂದರೆ ಕಟಕಟೆಗೆ ಒತ್ತಿಕೊಳ್ಳಬೇಕು, ಅಷ್ಟು ಕಿರಿದು, ತಂತಿ ಕಟ್ಟಿದ ಜಾಗದಲ್ಲಿ ನಿಲ್ಲಲಿಲ್ಲ, ನಿಂತರೆ ಅಳು ಬರುತ್ತದೆ, ಅಳುವುದು ಆಮೇಲೆ, ಮೊದಲು ಈ ಹಾಳೆ ಮನೆ ಸೇರಬೇಕು, ಒಂದು ಸಲ ಸೇರದೆ ಹೋದದ್ದು ಸಾಕು, ಬಿಳಿ ಗೆರೆ ದಾಟಿದಳು, ಬೀದಿ, ಇಸ್ತ್ರಿಯವನು ಕೈ ಎತ್ತಿ ಏನೋ ಕೇಳಿದ, ನಿಲ್ಲಲಿಲ್ಲ, ಅಂಗಡಿ, ಮೊಳೆಯಲ್ಲಿ ಎರಡು ತೋಳು, ಪರದೆ. ಅಪ್ಪ ಕುರ್ಚಿಯಲ್ಲಿದ್ದಾನೆ, ಹಾಳೆಯನ್ನು ಮಡಿಲಲ್ಲಿ ಇಟ್ಟಳು, ಎಲ್ಲಿ ಹಾಕ್ಬೇಕು ಎನ್ನುತ್ತ ಅವನ ಕೈ ಪೆನ್ನಿಗೆ ತಡಕಾಡಿತು. ಸಹಿ ಬೇಡಪ್ಪ, ಓದು. ಏನಿದು. ಓದು ಅಪ್ಪಾ, ಅವತ್ತು ನಾನೇ ಅವನನ್ನ ನಗಿಸಿದ್ದು, ನಗಿಸಿದ್ದಕ್ಕೇ ಅವನು ಕಾಗದ ಮಗುಚೋದು ಮರೆತ, ಅದನ್ನ ನಾನು ಹೇಳ್ಲಿಲ್ಲ, ಇದನ್ನ ನೀನು ಓದ್ಲಿಲ್ಲ, ಈಗ ಓದು. ಅಪ್ಪ ಅವಳ ಮುಖವನ್ನೇ ನೋಡಿದ, ಆಮೇಲೆ ತೋರುಬೆರಳು ಹಾಳೆಗೆ ಇಳಿಯಿತು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಹಿಡಿದು ಹೋಗುವ ಹಾಗೆ, ಗಡಿಯಾರ, ಬೀಗದ ಕೈ, ಬಾಚಣಿಗೆ, ಟೇಪು, ತುಟಿ ಅಲುಗುತ್ತಿದೆ, ಚೀಲ, ಬೂದು, ಹೊಸ, ಬೆರಳು ನಿಧಾನವಾಯಿತು, ಮುಕ್ಕಾಲು ಮೀಟರ್. ಒಂದು ತೋಳಿಗೆ ಮುಕ್ಕಾಲು ಸಾಕು, ಅಪ್ಪ ಅಂದ, ಅವಳಿಗಲ್ಲ, ಯಾರಿಗೋ, ಒಂದು ತೋಳಿಗೆ ಸಾಕು, ಮತ್ತೆ ಅಂದ, ಬೆರಳು ಮುಂದೆ ಹೋಯಿತು, ಅದೇ ಬಣ್ಣದ ಸಣ್ಣ ತುಂಡು, ಚುಚ್ಚಿದ್ದು, ಅಲ್ಲಿಗೆ ಬೆರಳು ನಿಂತಿತು, ಇನ್ನೊಂದು ಕೈ ಮೇಲೆದ್ದು ಒಂಬತ್ತು ವರ್ಷದಿಂದ ಖಾಲಿ ಇರುವ ಕಾಲರನ್ನು ತಡಕುತ್ತಿದೆ, ತಡಕುತ್ತಿದೆ, ಬೆರಳು ಮಾತ್ರ ಹಾಳೆಯ ಮೇಲೆ ಅಲ್ಲೇ, ಕದಲದೆ, ಗುಂಡುಸೂಜಿ, ಒಂದು, ಗುಂಡುಸೂಜಿ, ಒಂದು